ತೋಟಾ ಕೊಳ್ಳುವ ಮುನ್ನ ನಳಿಗೆ ಓದಿ

ಜೆ.ಪಿ.ನಗರ ದಾಟಿ ಬನ್ನೇರುಘಟ್ಟದ ಕಾಡಂಚಿಗೆ ಬಂದರೆ ರಾಗಿ ಹೊಲದಲ್ಲಿ ಹಂದಿಯದ್ದೇ ಮಾತು. ದೊಡ್ಡ ಬೋರಿನ ಆಟೋಮೇಟಿಕ್ ರೈಫಲ್ ರೈತರಿಗೆ ಹೇಳಿದ್ದಲ್ಲ, ಆ ಆಸೆ ಬಿಡಿ. ಹಂದಿ ಹೊಡೆಯಲೂ 1972ರ ವನ್ಯಜೀವಿ ಕಾಯಿದೆಯಂತೆ ಲಿಖಿತ ಅನುಮತಿ ಬೇಕು.

ಲೈಸೆನ್ಸಿನ 12 ಬೋರ್ ತೋಟಾ ಕೋವಿ ಇದ್ದವರು ಕೇಳುವುದು, ‘ಎಲ್‌ಜಿಯೋ, ಎಸ್‌ಜಿಯೋ?’ ಸಾಮಾನ್ಯವಾಗಿ ಎಲ್‌ಜಿಯಲ್ಲಿ ದಪ್ಪ ಚರೆ 6, ಎಸ್‌ಜಿಯಲ್ಲಿ ತುಸು ಸಣ್ಣವು 9. ಅದಕ್ಕಿಂತ ಮೊದಲು ನೋಡಬೇಕಾದ್ದು ತೋಟಾದ ಉದ್ದ. ಅಜ್ಜನ ಕಾಲದ ಎಷ್ಟೋ ಜೋಡುನಳಿಗೆಗಳಲ್ಲಿ ತೋಟಾ ಕೂರುವ ಜಾಗ 65 ಮಿ.ಮೀ. ಮಾತ್ರ. 70ರ ತೋಟಾ ಅದರಲ್ಲೂ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಬಾಯಿ ಮಡಚಿರುತ್ತದಲ್ಲ! 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿದಾಗಿನ ಅಳತೆ. ಬಿಚ್ಚಲು ಜಾಗ ಸಾಲದಿದ್ದರೆ ಒತ್ತಡ ಏರಿ ಹಳೇ ನಳಿಗೆ ಸೀಳಬಹುದು, ಅದೂ ನಮ್ಮ ಮುಖದ ಹತ್ತಿರವೇ.

ನಳಿಗೆ ಕಳಚಿ, ಅಡಿಭಾಗ ಎಣ್ಣೆಬಟ್ಟೆಯಲ್ಲಿ ಒರೆಸಿ. 65 ಅಥವಾ 70 ಅಂತ ಕೊರೆದಿರುತ್ತದೆ. ಕೆಲವದರಲ್ಲಿ ಇಂಚಿನ ಲೆಕ್ಕ, ಎರಡೂವರೆ ಅಂದರೆ 65. ಏನೂ ಕಾಣದಿದ್ದರೆ ಕೋವಿ ರಿಪೇರಿಯವರಿಂದ ಅಳೆಸುವ ತನಕ ತೋಟಾ ತುಂಬಬೇಡಿ.

ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ತೋಟಾ ಬೇರೆ ಡಬ್ಬಿಯಲ್ಲಿಡಿ. ಅದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡರೆ ಖಾಲಿ ಇದ್ದಂತೆಯೇ ಕಾಣುತ್ತದೆ. ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ.