ಕೋಡಿಯೇ ಏರಿಯ ಕಾವಲು



ದಸರೆಗೆಂದೋ ಆಸ್ಪತ್ರೆಗೆಂದೋ ಮೈಸೂರಿಗೆ ಹೋದಾಗ ನಿಮ್ಮಲ್ಲಿ ಕೆಲವರಾದರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡಿರಬಹುದು. ೧೮೬೪ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ನಗರದ ಹೊರಗಿನ ಜಮೀನುಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ ಅದು. ಈಗ ಅಲ್ಲಿ ವಾಯುಸೇವನೆಗೆ ಬರುವವರೇ ಹೆಚ್ಚು. ನಗರವು ಕೆರೆಯ ಸುತ್ತಲೂ ಬೆಳೆದುಬಿಟ್ಟಿದೆ. ಗದ್ದೆಗಾಗಿ ಕಟ್ಟಿದ ಏರಿಯ ಕೆಳಗೆ ಮನೆಗಳೆದ್ದಾಗ ಆ ಏರಿಯ ಹೊಣೆಯೇ ಬೇರೆಯಾಗುತ್ತದೆ. ಏರಿ ಒಡೆದರೆ ಮೊದಲು ಪೈರು ಹೋಗುತ್ತಿತ್ತು, ಈಗ ಪ್ರಾಣ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲೂ ಏರಿಯ ಹಿಂದೆಯೇ ಕೇರಿಗಳು ಬೆಳೆಯುತ್ತಿರುವುದರಿಂದ ಈ ಪಾಠ.

ಕೆರೆಯ ಏರಿಯೆಂದರೆ ಮಣ್ಣಿನ ಅಣೆಕಟ್ಟು. ಅದು ನೀರು ಕೂಡಿಡುವುದಲ್ಲದೆ ಪ್ರವಾಹವನ್ನೂ ತಡೆಯುತ್ತದೆ. ಹೇಗೆಂದು ಒಂದು ಲೆಕ್ಕ ಹಾಕೋಣ. ಒಂದು ಕೆರೆಗೆ ಸುಮಾರು ೫೦೦ ಎಕರೆ ನೆಲದ ನೀರು ಹರಿದು ಬರುತ್ತದೆಂದು ಇಟ್ಟುಕೊಳ್ಳಿ. ಒಂದೇ ಸಂಜೆ ೫೦ ಮಿಲಿಮೀಟರ್ ಮಳೆ ಹೊಯ್ದರೆ ಆ ನೆಲದ ಮೇಲೆ ಬೀಳುವ ನೀರು ೧೦ ಕೋಟಿ ಲೀಟರು. ಅರ್ಧ ನೆಲಕ್ಕಿಂಗಿದರೂ ೫ ಕೋಟಿ ಲೀಟರು ಹಳ್ಳಕ್ಕೆ ಬರಬೇಕು. ಕೆರೆಯಿಲ್ಲದಿದ್ದರೆ ಇಷ್ಟೂ ಒಂದೆರಡು ಗಂಟೆಯೊಳಗೆ ಊರಿನ ಮೇಲೆ ನುಗ್ಗುತ್ತದೆ. ೫೦ ಎಕರೆ ಅಂಗಳದ ಕೆರೆಯಿದ್ದರೆ ಅದೇ ನೀರಿಗೆ ಕೆರೆಯ ಮಟ್ಟ ಏರುವುದು ೧೦ ಅಂಗುಲ ಮಾತ್ರ! ಕೆರೆ ಮೊದಲೇ ತುಂಬಿದ್ದರೂ ಅಡ್ಡಿಯಿಲ್ಲ. ಗಂಟೆಯಲ್ಲಿ ಬಂದ ನೀರು ಕೋಡಿಯ ಮೇಲೆ ನಿಧಾನವಾಗಿ, ರಾತ್ರಿಯೆಲ್ಲ ಹರಿದು ಹೋಗುತ್ತದೆ. ಮೈಸೂರಿನ ಸೀಮೆಯಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆ ತರುವಂಥವು. ಅಕ್ಟೋಬರಿನ ವೇಳೆಗೆ ಕೆರೆಗಳು ತುಂಬಿರುವುದರಿಂದ ಆಗ ಕೋಡಿಯ ಕೆಲಸವೇ ಮುಖ್ಯ.

ಆದರೆ ನಾವು ಮಾಡುವುದೇನು? ಬೇಸಗೆಗೆ ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಕಲ್ಲು ಜೋಡಿಸುತ್ತೇವೆ, ಮರಳು ಮೂಟೆ ಪೇರಿಸುತ್ತೇವೆ. ಮೀನು ತಪ್ಪಿಸಿಕೊಳ್ಳದಿರಲೆಂದು ಬಲೆ ಕಟ್ಟುತ್ತೇವೆ. ಆ ಬಲೆಗೆ ಅಂತರಗಂಗೆ ಬಂದು ಸಿಕ್ಕಿಕೊಂಡು ಗೋಡೆಯೇ ಆಗುತ್ತದೆ. ಆಸೆ ತಪ್ಪಲ್ಲ, ಆದರೆ ಲೆಕ್ಕ ತಪ್ಪು. ಕೋಡಿಯ ಮೇಲೆ ೨ ಅಡಿ ನೀರು ಹರಿಯುವಾಗ ಹೊರಹೋಗುವುದು, ೧ ಅಡಿ ಹರಿಯುವಾಗ ಹೋಗುವುದರ ಎರಡರಷ್ಟಲ್ಲ, ಮೂರರ ಹತ್ತಿರ. ಆದ್ದರಿಂದ ಕೋಡಿಯನ್ನು ೧ ಅಡಿ ಏರಿಸಿದಿರೆಂದರೆ, ಕೆರೆ ಅಷ್ಟೇ ಎತ್ತರಕ್ಕೆ ಬಂದಾಗ ಹೊರಗೆ ಹೋಗುವ ನೀರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಮಿಕ್ಕದ್ದು ಏರಿಯ ನೆತ್ತಿಯತ್ತ ಏರುತ್ತದೆ. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಅದು ತಾಳೀತು. ಮಣ್ಣಿನ ಏರಿ ತಾಳಲಾರದು. ಹೊರಮೈಯ ಮಣ್ಣು ಕೊಚ್ಚುತ್ತ ಬಂದು ಬಹುಬೇಗ ಏರಿ ಬಾಯಿಬಿಡುತ್ತದೆ. ೧೯೬೧ರ ಜುಲೈ ೧೨ರಂದು ಪುಣೆಯ ಮೇಲುಗಡೆ, ಇನ್ನೂ ಕೆಲಸ ಮುಗಿಯದಿದ್ದ ಪಾನ್‌ಶೇಟ್ ಮಣ್ಣಿನ ಅಣೆಕಟ್ಟು ತೂಬಿನ ನೆತ್ತಿಯಲ್ಲಿ ಕುಸಿದು, ನೀರು ಮೇಲೆ ಹರಿದು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸ್ಲಾ ಕಟ್ಟೆಯೂ ಅಂದೇ ಒಡೆದು ನಗರ ಮುಳುಗಿತು. ನಮ್ಮ ಕೆರೆಗಳೂ ಹೀಗೆಯೇ ಒಂದರ ಕೆಳಗೊಂದು ಸಾಲಾಗಿವೆ ಎಂಬುದನ್ನು ಗಮನಿಸಿರಿ.

ನೀರು ಮೇಲೆ ಹರಿಯದೆಯೂ ಏರಿ ಒಡೆಯುವುದುಂಟು. ಹೆಗ್ಗಣದ ಬಿಲ, ಸತ್ತ ಮರದ ಕೊಳೆತ ಬೇರು, ಗೆದ್ದಲಿನ ಹುತ್ತ ಇವೆಲ್ಲ ನೀರಿಗೆ ದಾರಿ. ಹುತ್ತಕ್ಕೆ ಹಾಲೆರೆಯುವ ತಾಯಂದಿರ ಮನಸ್ಸು ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಏರಿಯ ಮೇಲಿನ ಹುತ್ತವನ್ನು ಕಂಡ ಕೂಡಲೇ ಹಿರಿಯರೊಡನೆ ಮಾತನಾಡಿ ಪೂಜೆಯನ್ನು ಬೇರೆಡೆಗೆ ಸಾಗಿಸುವುದು ಒಳ್ಳೆಯದು. ಏರಿಯ ಮೇಲೆ ಗರಿಕೆ ಹುಲ್ಲು ಬೆಳೆಯಲಿ, ಮರ ಬೇಡ. ಪೈಪು ಹಾಕಲು, ಮಣ್ಣು ಹೊರಲು ಯಾರೂ ಅಗೆಯಕೂಡದು. ೨೦೧೯ರ ನವೆಂಬರ್ ೨೪ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ, ಏರಿಯ ಬಳಿ ಅಗೆದದ್ದೇ ಕಾರಣವೆಂದು ವರದಿಯಾಗಿತ್ತು.

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳಲಿ ಎನ್ನುವವರಿಗೆ ಒಂದು ಮಾತು. ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ೧೫ ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, ೧೦ರಿಂದ ೧೫ ಮೀಟರಿನವುಗಳಲ್ಲಿ ಕೆಲವಕ್ಕೂ ಅನ್ವಯಿಸುತ್ತದೆ. ನಮ್ಮ ಊರಕೆರೆಗಳ ಏರಿ ಹೆಚ್ಚಾಗಿ ಅಷ್ಟು ಎತ್ತರವಿಲ್ಲ. ಹಿಂದೆ ನೀರುಗಂಟಿಯು ದಿನವೂ ಏರಿ ಸುತ್ತುತ್ತಿದ್ದನು. ಅವನಿಲ್ಲದ ಊರಿನಲ್ಲಿ ಮಳೆಗಾಲದ ನಾಲ್ಕೈದು ತಿಂಗಳಿಗಾದರೂ ಇಬ್ಬರು ಯುವಕರನ್ನು ಗೊತ್ತುಮಾಡಿರಿ. ಅವರು ಏರಿಯ ನೆತ್ತಿಯ ಮೇಲಷ್ಟೇ ನಡೆದರೆ ಸಾಲದು, ಹಿಂಬದಿಯ ಬುಡದಲ್ಲೂ ನಡೆಯಬೇಕು. ಬಿರುಕು, ತಗ್ಗು, ಹೊಸದಾಗಿ ಹಸುರೇರಿದ ಜಾಗ ಕಂಡರೆ ಗುರುತು ಹಾಕಲಿ.

ಬುಡದಲ್ಲಿ ತಿಳಿನೀರು ಜಿನುಗಿದರೆ ಹೆದರಬೇಕಾಗಿಲ್ಲ. ಎಷ್ಟು ಜಿನುಗುತ್ತದೆಂದು ದಿನವೂ ನೋಡುತ್ತಿದ್ದರಾಯಿತು. ನೀರು ಕದಡಿ ಬಂದರೆ ಏರಿಯ ಒಳಗಿನ ಮಣ್ಣು ಹೊರಟಿತೆಂದೇ ಅರ್ಥ. ಆಗ ಆ ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚಲು ಹೋಗಬೇಡಿ, ನೀರು ಪಕ್ಕದಲ್ಲಿ ಬೇರೆ ಬಾಯಿ ತೆರೆದೀತು. ಅದರ ಸುತ್ತ ಮರಳು ಮೂಟೆಗಳನ್ನು ಬಾವಿಯ ಕಟ್ಟೆಯಂತೆ ಪೇರಿಸಿ. ಒಳಗೆ ನೀರು ನಿಂತು ತಿಳಿಯಾಗಿ ಮೇಲಿನಿಂದ ಹರಿಯಲಿ. ತೂಬು ತೆರೆದು ಕೆರೆಯನ್ನು ನಿಧಾನವಾಗಿ ಇಳಿಸಿರಿ. ಪಂಚಾಯಿತಿಗೂ ತಹಶೀಲ್ದಾರರಿಗೂ ಕೆಳಗಿನ ಕೆರೆಯ ಊರಿನವರಿಗೂ ಒಡನೆಯೇ ಸುದ್ದಿ ಮುಟ್ಟಿಸಿರಿ. ಏರಿಯ ಹಿಂದಿನ ಕೇರಿಯವರನ್ನು, ದನಕರುಗಳ ಸಮೇತ, ಕತ್ತಲಾಗುವ ಮೊದಲೇ ದಿಣ್ಣೆಗೆ ಕಳುಹಿಸಿರಿ.