ತೋಡಿನ ಕಲ್ಲಿನಡಿಯ ಹುಳುಗಳು



ತೋಟಕ್ಕೆ ನೀರುಣಿಸುವ ತೋಡಿನ ಆರೋಗ್ಯವನ್ನು ಮನೆಯವರೇ ಪರೀಕ್ಷಿಸಬಹುದು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಮೊಣಕಾಲಿಗಿಂತ ಕಡಿಮೆ ಆಳದಲ್ಲಿ ನೀರು ಹರಿಯುವ ಕಡೆ ಅಂಗೈ ಅಗಲದ ಐದಾರು ಕಲ್ಲುಗಳನ್ನೆತ್ತಿ ಅಡಿಭಾಗ ನೋಡಿರಿ. ಸಿಕ್ಕಿದ ಹುಳುಗಳನ್ನು ನೀರು ತುಂಬಿದ ಬಿಳಿ ತಟ್ಟೆಗೆ ಬಿಟ್ಟರೆ ಚೆನ್ನಾಗಿ ಕಾಣುತ್ತವೆ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಅವರ ಕಣ್ಣು ನಮಗಿಂತ ಚುರುಕು.

ಹೊಟ್ಟೆಯ ಇಕ್ಕೆಲಗಳಲ್ಲಿ ಗರಿಯಂತಹ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಬಾಲದೆಳೆ ಇರುವುದು ಮೇಫ್ಲೈ ಮರಿ. ರೆಕ್ಕೆ ಬಂದ ಮೇಲೆ ಇದು ಏನನ್ನೂ ತಿನ್ನುವುದಿಲ್ಲ. ಕೆಲವು ಗಂಟೆಯಿಂದ ಒಂದೆರಡು ದಿನದೊಳಗೆ ಮೊಟ್ಟೆಯಿಟ್ಟು ಸಾಯುತ್ತದೆ. ಎರಡೇ ಬಾಲದ್ದು, ಹೊಟ್ಟೆಯ ಬದಿಯಲ್ಲಿ ಗರಿಯಿಲ್ಲದ್ದು ಸ್ಟೋನ್‌ಫ್ಲೈ. ಮರಳಿನ ಕಣಗಳನ್ನು ತನ್ನ ರೇಷ್ಮೆಯಿಂದಲೇ ಅಂಟಿಸಿ ಕೊಳವೆಯಂತಹ ಮನೆ ಕಟ್ಟಿಕೊಳ್ಳುವುದು ಕ್ಯಾಡಿಸ್ ಹುಳು. ಈ ಮೂರರಲ್ಲಿ ಬಹುಪಾಲು ಜಾತಿಗಳಿಗೆ ಆಮ್ಲಜನಕ ತುಂಬಿದ ಹರಿಯುವ ನೀರೇ ಬೇಕು. ಇವು ಯಾವುವೂ ಇಲ್ಲದೆ, ಕೆಸರಿನಲ್ಲಿ ದಾರದಂತಹ ಕೆಂಪು ಹುಳುಗಳು ಮಾತ್ರ ತುಂಬಿದ್ದರೆ ಕೊಳಕು ಸೇರಿದೆಯೆಂದು ಶಂಕಿಸಬೇಕು. ನಮ್ಮ ರಕ್ತದಲ್ಲಿರುವಂತಹ ಹಿಮೋಗ್ಲೋಬಿನ್ ಆ ಹುಳುಗಳಲ್ಲೂ ಇರುವುದರಿಂದ ಕೊಳೆತ ನೀರಿನಲ್ಲೂ ಅವು ಉಸಿರಾಡಬಲ್ಲವು. ಏರೋಪ್ಲೇನ್ ಚಿಟ್ಟೆಯ ಮರಿ ಕಂಡರೆ ಸಂತೋಷಪಡಿ, ಅದು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ.

ಆದರೆ ಒಂದು ಎಚ್ಚರಿಕೆ: ಒಳ್ಳೆಯ ಹುಳುಗಳಿವೆಯೆಂದು ತೋಡಿನ ನೀರನ್ನು ಕುದಿಸದೆ ಕುಡಿಯಬಾರದು. ಭೇದಿ ಬರಿಸುವ ರೋಗಾಣುಗಳ ಸುದ್ದಿಯನ್ನು ಈ ಹುಳುಗಳು ಹೇಳಲಾರವು.

ಗುಡ್ಡದ ಮೇಲೆ ಸಿಂಪಡಿಸಿದ್ದು ಮಳೆಯೊಂದಿಗೆ ತೋಡಿಗೆ ಇಳಿಯುತ್ತದೆಂಬುದನ್ನು ಕಾಸರಗೋಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿಸಿದ ಎಂಡೋಸಲ್ಫಾನ್ ಮೀನಿಗೂ ನೀರಹುಳುಗಳಿಗೂ ಘೋರ ವಿಷ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಈಗ ನಮ್ಮ ಕೈಯಲ್ಲಿರುವುದು ಬೋರ್ಡೊ ದ್ರಾವಣ. ಕೊಳೆರೋಗಕ್ಕೆ ಅದು ಬೇಕೇ ಬೇಕು, ಬಿಡಿರೆಂದು ಹೇಳುವುದಿಲ್ಲ. ಆದರೆ ಮೈಲುತುತ್ತಿನ ತಾಮ್ರ ಜಲಜೀವಿಗಳಿಗೆ ವಿಷ. ಕೊಳೆತು ಹೋಗುವ ವಸ್ತುವೂ ಅಲ್ಲ, ತೋಡಿನ ಕೆಸರಿನಲ್ಲಿ ವರ್ಷ ವರ್ಷವೂ ಸೇರುತ್ತಾ ಹೋಗುತ್ತದೆ. ಪಂಪು, ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆಯಬೇಡಿ. ನೀರನ್ನು ಮೇಲಕ್ಕೆ ತಂದು ತೊಳೆದು, ತೊಳೆದ ನೀರನ್ನು ತೋಡಿನಿಂದ ದೂರ ತೋಟದ ಮಣ್ಣಿಗೇ ಚೆಲ್ಲಿರಿ.

ದಂಡೆಯ ಮುಂಡುಗದ ಪೊದೆಗಳನ್ನು ಸವರಿ ಚೊಕ್ಕಟ ಮಾಡುವ ಹವ್ಯಾಸವೂ ಒಳ್ಳೆಯದಲ್ಲ. ಅವುಗಳ ನೆರಳು ನೀರನ್ನು ತಂಪಾಗಿಡುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ. ಬೇಸಗೆಗೆ ಕಟ್ಟ ಕಟ್ಟುವವರು ಕೆಳಗಿನ ತೋಡು ಬತ್ತದಂತೆ ಸ್ವಲ್ಪ ನೀರು ಹರಿಯಬಿಡಿ.

ನೋಡಿಯಾದ ಮೇಲೆ ಹುಳುಗಳನ್ನು ನೀರಿಗೇ ಬಿಟ್ಟು, ಕಲ್ಲನ್ನು ಇದ್ದ ಮಗ್ಗುಲಿಗೇ ಮೆಲ್ಲಗೆ ಇಡಿರಿ. ಎಷ್ಟು ಬಗೆ ಕಂಡಿತೆಂದು ಬರೆದಿಟ್ಟು, ಮುಂದಿನ ವರ್ಷ ಅದೇ ತಿಂಗಳು ಅದೇ ಜಾಗದಲ್ಲಿ ಮತ್ತೆ ನೋಡಿರಿ.