ಮೊದಲು ತಲೆಸ್ನಾನ, ಆಮೇಲೆ ಸರ್ಕ್ಯೂಟ್

ಮಿದುಳಿನ ಅಲೆ ಹಿಡಿಯುವ ಸರ್ಕ್ಯೂಟ್ ಕಟ್ಟುತ್ತೇನೆ ಅಂದರೆ ಬಂದವರೆಲ್ಲ ಕೇಳುವುದು, ಎಷ್ಟು ಪಟ್ಟು ಹಿಗ್ಗಿಸ್ತೀರಿ ಅಂತ. ನೆತ್ತಿಯ ಮೇಲೆ ಸಿಗುವ ಸಂಕೇತ 50 ಮೈಕ್ರೋವೋಲ್ಟ್ ಆಸುಪಾಸು. 10,000 ಪಟ್ಟು ಹಿಗ್ಗಿಸಿದರೆ ಅರ್ಧ ವೋಲ್ಟ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಐಸಿಗಳಿಗೆ ಅದೇನೂ ಭಾರವಲ್ಲ. ಬೇಡದ್ದನ್ನು ಹೊರಗಿಡುವುದೇ ಕಷ್ಟ.

ನಮ್ಮ ಶ್ರೀನಗರ ಬಡಾವಣೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿವೆ. ಸುತ್ತಲಿನ ವೈರಿಂಗಿನ 50 ಹರ್ಟ್ಸ್ ಕರೆಂಟಿನ ಗುಂಗು ಮೈಗೆಲ್ಲ ತಗುಲಿರುತ್ತದೆ, ಮಿದುಳಿನ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರಾಗಿ. ಎಡಿ620ಯಂಥ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಎರಡು ಎಲೆಕ್ಟ್ರೋಡುಗಳಿಗೂ ಸಮನಾಗಿ ಬಂದದ್ದನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ಎತ್ತಿಕೊಳ್ಳುತ್ತದೆ. ಆದರೆ ಎರಡೂ ಚರ್ಮಕ್ಕೆ ಒಂದೇ ಹದದಲ್ಲಿ ಕೂತಿರಬೇಕು. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲಿ ಅದು ಆಗದ ಮಾತು. ಹಾಗಾಗಿ ನನ್ನ ಮೊದಲ ಫಿಲ್ಟರ್ ಸೀಗೆಕಾಯಿ!

ಇನ್ನೊಂದು ಪಾಠ, ಮೊದಲ ಹಂತದಲ್ಲೇ ದುರಾಸೆ ಬೇಡ. ಲೋಹ ಚರ್ಮಕ್ಕೆ ತಾಗಿದ ಕಡೆ ತಾನಾಗಿ ಹತ್ತಾರು ಮಿಲಿವೋಲ್ಟ್ ಹುಟ್ಟುತ್ತದೆ. ಅದನ್ನು ಸಾವಿರ ಪಟ್ಟು ಮಾಡಹೊರಟರೆ 9 ವೋಲ್ಟಿನ ಬ್ಯಾಟರಿಯ ಮಿತಿಗೆ ಬಡಿದು ಅಲೆ ಮಾಯ. ಅಲ್ಲಿ ಹತ್ತಿಪ್ಪತ್ತು ಪಟ್ಟು ಸಾಕು. ಕೆಪಾಸಿಟರ್ ಹಾಕಿ ಏರಿಳಿತವಿಲ್ಲದ ಆ ವೋಲ್ಟೇಜನ್ನು (ಡಿಸಿ) ತಡೆದ ಮೇಲೆ ಉಳಿದದ್ದನ್ನು ಹಿಗ್ಗಿಸಿ.

ಬಂದದ್ದು ನಿಜವಾಗಿ ಮಿದುಳಿನದೇ ಎಂದು ತಿಳಿಯುವುದು ಹೇಗೆ? ಅದಕ್ಕೆ ಜರ್ಮನಿಯ ಹ್ಯಾನ್ಸ್ ಬರ್ಗರ್ ಅವರನ್ನೇ ನೆನೆಯಬೇಕು. ಮನುಷ್ಯನ ಮಿದುಳಿನ ಅಲೆಗಳ ಬಗ್ಗೆ 1929ರಲ್ಲಿ ಮೊದಲು ಬರೆದವರು ಅವರು. ಅವರು ಕಂಡಂತೆಯೇ, ಹಿಂದಲೆಗೆ ಎಲೆಕ್ಟ್ರೋಡ್ ಇಟ್ಟು ಕಣ್ಣು ಮುಚ್ಚಿದರೆ ಸೆಕೆಂಡಿಗೆ 8ರಿಂದ 13ರ ಆಲ್ಫಾ ಅಲೆ ಏಳಬೇಕು, ಕಣ್ಣು ಬಿಟ್ಟರೆ ಕುಗ್ಗಬೇಕು. ಹಲ್ಲು ಕಚ್ಚಿದಾಗ ಪರದೆಯ ಗೆರೆ ಕುಣಿದರೆ ಅದು ದವಡೆಯ ಸ್ನಾಯು.

ಆಲ್ಫಾ ಏರಿದಾಗ ಬೀಪ್ ಬರುವಂತೆ ಮಾಡಿದರೆ ಬಯೋಫೀಡ್‌ಬ್ಯಾಕ್ ಆಯಿತು. ಕೇಳುವವರಿಗೆ ಖುಷಿ. ನನಗೆ ಅನುಮಾನ. ಧ್ಯಾನ ಹತ್ತಿತು ಎಂದು ಹಿಗ್ಗುವವರ ಹಣೆ ನೋಡಿ: ಎಷ್ಟೋ ಸಲ ಬೀಪ್ ಬರಿಸಿದ್ದು ಹುಬ್ಬಿನ ಗಂಟು. ಅದಕ್ಕೇ ಗೆರೆಯನ್ನು ಪರದೆಯ ಮೇಲೆ ನೋಡದೆ ಬರೀ ಸದ್ದು ನಂಬಿ ಯಾರನ್ನೂ ಕೂರಿಸುವುದಿಲ್ಲ.

ನೀವೂ ಕಟ್ಟುವುದಾದರೆ ಬ್ಯಾಟರಿಯಲ್ಲೇ ನಡೆಸಿ. ಲ್ಯಾಪ್‌ಟಾಪಿಗೆ ಜೋಡಿಸಿದರೆ ಅದರ ಚಾರ್ಜರ್ ಕಿತ್ತಿಡಿ. ತಲೆಗೆ ತಂತಿ ಅಂಟಿಸಿಕೊಂಡವರಿಗೂ ಗೋಡೆಯ ಪ್ಲಗ್ಗಿಗೂ ಯಾವ ಸಂಬಂಧವೂ ಇರಕೂಡದು. ಮೂರ್ಛೆ, ತಲೆಸುತ್ತು ಏನಾದರೂ ಇದ್ದರೆ ಈ ಡಬ್ಬಿಯನ್ನು ಕೇಳಬೇಡಿ, ನಿಮ್ಹಾನ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ.